ಗುಬ್ಬಿಯ ನಿದ್ದೆ ಅಳೆದ ದರ್ಜಿಯಮ್ಮ

ದರ್ಜಿಯಮ್ಮನ ಮಗಳು ಗುಬ್ಬಿಗೆ ಆರು ವರ್ಷ. ಪಾಠ ಶುರುವಾದರೆ ಸಾಕು, ಬೆಂಚಿಗೆ ತಲೆಯಾನಿಸಿ ತೂಕಡಿಸುತ್ತಿದ್ದಳು. ಟೀಚರ್ ಮೂರನೇ ಸಲ ದೂರು ಹೇಳಿದಾಗ ದರ್ಜಿಯಮ್ಮನಿಗೆ ತಲೆ ಎತ್ತಲಾಗಲಿಲ್ಲ.

ಅಂಗಿ ಹೊಲಿಸಲು ಬಂದ ಆರೋಗ್ಯ ಕೇಂದ್ರದ ನರ್ಸಕ್ಕನ ಮುಂದೆ ಅಲವತ್ತುಕೊಂಡಳು. "ಎಂಟಕ್ಕೆ ಮಲಗಿದರೆ ಆರಕ್ಕೇ ಏಳೋದು. ಗೊರಕೆಯಂತೂ ಥೇಟ್ ಅವಳ ತಾತಂದೇ! ಆದರೂ ನಿದ್ದೆ ಸಾಲದಂತೆ. ಸೋಮಾರಿ, ಇನ್ನೇನು?"

"ಮಕ್ಕಳು ದಿನಾ ಗೊರಕೆ ಹೊಡೆದರೆ ಅದು ಒಳ್ಳೇ ನಿದ್ದೆಯ ಗುರುತಲ್ಲ ಕಣೇ. ಹಾಸಿಗೇಲಿ ಇದ್ದದ್ದೆಲ್ಲ ನಿದ್ದೆ ಆಗಲ್ಲ. ಅಳೆದು ನೋಡೋಣ."

"ನಿದ್ದೆ ಅಳೆಯೋಕೆ ಅದೇನು ಬಟ್ಟೇನಾ ಅಕ್ಕಾ? ಅದೂ ಅಲ್ಲದೆ ನಂಗೆ ಬರೆಯೋಕೇ ಬರಲ್ಲ."

"ಗೆರೆ ಎಳೆಯೋಕೆ ಬರುತ್ತಲ್ಲ?"

ನರ್ಸಕ್ಕ ಒಂದು ಹಾಳೆ ಕೊಟ್ಟಳು. ದಿನಕ್ಕೊಂದು ಸಾಲು, ಗಂಟೆಗೊಂದು ಮನೆ. ಮಗು ನಿದ್ದೆಯಲ್ಲಿದ್ದಾಗ ಮನೆಯೊಳಗೆ ಗೆರೆ ಎಳೆದು ತುಂಬಬೇಕು, ಎದ್ದಿದ್ದಾಗ ಖಾಲಿ ಬಿಡಬೇಕು. ಗೊರಕೆಗೆ ಚುಕ್ಕೆ. ಉಸಿರು ತಡೆದು ತಡೆದು ಬಂದರೆ ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಮರುದಿನವೇ ಡಾಕ್ಟರ ಹತ್ತಿರ ಬರಬೇಕು.

ಎರಡು ವಾರ ದರ್ಜಿಯಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಹಾಳೆಯ ತುಂಬ ಚುಕ್ಕೆ. ಕೊನೆಯ ರಾತ್ರಿ ಗುಬ್ಬಿಯ ಉಸಿರು ತಡೆದು ತಡೆದು ಬಂದಾಗ ವಿಡಿಯೋ ಮಾಡಿಕೊಂಡು, ಬೆಳಗಾಗುತ್ತಲೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಹಾಳೆ ನೋಡಿದರು, ವಿಡಿಯೋ ನೋಡಿದರು. "ಗುರುತು ಹಾಕಿದ್ದು ಯಾರು?"

"ನಾನೇ. ತಪ್ಪಾಯ್ತಾ?"

"ತಪ್ಪಾ? ಓದಿದವರೂ ಇಷ್ಟು ಅಚ್ಚುಕಟ್ಟಾಗಿ ತರಲ್ಲಮ್ಮ!" ಎಂದು ಪಕ್ಕದ ಕೋಣೆಯ ಡಾಕ್ಟರನ್ನೂ ಕರೆದು ತೋರಿಸಿದರು. ದರ್ಜಿಯಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಆಮೇಲೆ ಒಂದು ವಾರ ಗುಬ್ಬಿಯ ಕೈಗೆ ಗಡಿಯಾರದಂಥ ಪಟ್ಟಿ ಕಟ್ಟಿದರು. ಮೈ ಅಲುಗಿದ್ದನ್ನೆಲ್ಲ ಅದು ಲೆಕ್ಕ ಇಡುತ್ತಿತ್ತು. ಕೊನೆಗೆ ಆಸ್ಪತ್ರೆಯಲ್ಲಿ ಒಂದು ರಾತ್ರಿ ತಲೆಗೆ, ಎದೆಗೆ ಸಣ್ಣ ತಂತಿ ಅಂಟಿಸಿ, ಬೆರಳಿಗೆ ಕ್ಲಿಪ್ಪು ಹಾಕಿ ಮಲಗಿಸಿದರು. ಸೂಜಿಯಿಲ್ಲ, ನೋವಿಲ್ಲ. ಅಮ್ಮ ಪಕ್ಕದಲ್ಲೇ ಇದ್ದಳು. ಕಾರಣ ಸಿಕ್ಕಿತು: ಮೂಗಿನ ಹಿಂದೆ, ಗಂಟಲಲ್ಲಿ ಎಲ್ಲ ಮಕ್ಕಳಿಗೂ ಇರುವ ಟಾನ್ಸಿಲ್‌ನಂಥ ಗಡ್ಡೆ ಊದಿಕೊಂಡು ಉಸಿರು ಕಟ್ಟುತ್ತಿತ್ತು. ಗುಬ್ಬಿಗೆ ಗೊತ್ತಿಲ್ಲದಂತೆಯೇ ಗಂಟೆಗೆ ಎಷ್ಟೋ ಸಲ ನಿದ್ದೆ ಒಡೆಯುತ್ತಿತ್ತು.

"ಸೋಮಾರಿ ಅಂದುಬಿಟ್ಟೆನಲ್ಲ ಮಗಳೇ," ಎಂದು ಆ ತಾಯಿ ಅವಳನ್ನು ತಬ್ಬಿಕೊಂಡಳು.

ಆ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳಿಗೆ ಗುಬ್ಬಿ ತರಗತಿಯ ಮುಂದೆ ನಿಂತು ಒಂದಿಡೀ ಪುಟ ಗಟ್ಟಿಯಾಗಿ ಓದಿದಳು. ಈಗ ಆರೋಗ್ಯ ಕೇಂದ್ರದಲ್ಲಿ ಹೊಸದಾಗಿ ಬರುವ ತಾಯಂದಿರಿಗೆ ಹಾಳೆ ತುಂಬೋದು ಹೇಳಿಕೊಡುವುದು ದರ್ಜಿಯಮ್ಮನೇ. "ಡಾಕ್ಟರಮ್ಮ ಬಂದ್ರು!" ಎಂದು ನರ್ಸಕ್ಕ ಛೇಡಿಸಿದರೆ, "ಬಂದೆ, ಕುರ್ಚಿ ಹಾಕು!" ಅನ್ನುತ್ತಾಳೆ.

ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮಗು ದಿನಾ ಗೊರಕೆ ಹೊಡೆಯುತ್ತಾ? ಹಗಲೆಲ್ಲ ತೂಕಡಿಸುತ್ತಾ? ಬೈಯಬೇಡಿ. ಎರಡು ವಾರ ಗುರುತು ಹಾಕಿ, ಆ ಹಾಳೆ ಹಿಡಿದು ಆರೋಗ್ಯ ಕೇಂದ್ರಕ್ಕೆ ಬನ್ನಿ. ಮಲಗಿದ್ದಾಗ ಉಸಿರು ನಿಂತು ನಿಂತು ಬರುತ್ತಿದ್ದರೆ ಮಾತ್ರ ಎರಡು ವಾರ ಕಾಯಬೇಡಿ, ನಾಳೆಯೇ ಹೊರಡಿ.