ಕೋತಿಯನ್ನು ಹೊತ್ತ ಟವಲು

ನಮ್ಮೂರಿನಲ್ಲಿ ಕೋತಿ ಸತ್ತರೆ ಮನೆಯವರೇ ಸತ್ತಷ್ಟು ದುಃಖ. ಕೆಲವರ ಸಾವಿಗಿಂತ ಹೆಚ್ಚು ಜನ ಸೇರುತ್ತಾರೆ ಅಂದರೂ ಸುಳ್ಳಲ್ಲ. ಬದುಕಿದ್ದಾಗ ಜೋಳದ ಹೊಲಕ್ಕೆ ಬಂದರೆ ಕಲ್ಲು ಬೀರುತ್ತೇವೆ, ಬಾಯಿಗೆ ಬಂದಂತೆ ಬಯ್ಯುತ್ತೇವೆ. ಸತ್ತು ಬಿದ್ದರೆ ಮಾತ್ರ ಅದು ಆಂಜನೇಯ! ಬಿದಿರಿನ ಚಟ್ಟ ಕಟ್ಟಿ, ಅರಿಶಿನದ ನೀರು ಹಾಕಿ, ತಮಟೆ ಬಡಿದು ಮಣ್ಣು ಮಾಡುತ್ತೇವೆ. ಅದನ್ನು ಹೊತ್ತ ಬಟ್ಟೆಯನ್ನು ಒಗೆಯುವ ಹಾಗಿಲ್ಲ. ಮಡಚಿ ಮನೆಯೊಳಗೆ ಇಟ್ಟುಕೊಂಡರೆ ದನಕರುಗಳಿಗೆ ಕಾಯಿಲೆ ಸುಳಿಯುವುದಿಲ್ಲ ಎಂದು ನಂಬಿಕೆ.

ತಾಳಮಲೆ ಕಾಡಿನ ಅಂಚಿನ ಊರು ನಮ್ಮದು, ತಮಿಳು ಸೀಮೆಗೆ ಸೇರಿದರೂ ಆಡುವುದು ಕನ್ನಡ. ಈ ಸಲ ಸಂಕ್ರಾಂತಿ ಕಳೆದ ಮೇಲೆ ಹಳ್ಳದ ಬದಿಯ ಹೊಂಗೆಮರದ ಕೆಳಗೆ ಒಂದು ಕೋತಿ ಸತ್ತು ಬಿದ್ದಿತ್ತು. ದನ ಮೇಯಿಸಲು ಹೋಗಿದ್ದ ಮಾದಯ್ಯ ಅದನ್ನು ತನ್ನ ಟವಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಊರಿಗೆ ತಂದ. ಅರಳಿಕಟ್ಟೆಯ ಮೇಲೆ ಕೂತು, ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಕಿವಿಯ ಹಿಂದೆ ಕಚ್ಚಿಕೊಂಡಿದ್ದ ಉಣ್ಣೆಗಳನ್ನು ಒಂದೊಂದಾಗಿ ಕಿತ್ತ.

"ದೇವ್ರ ಮೈಲಿ ಉಣ್ಣೆ ಇರ್ಬಾರ್ದು ಕಣ್ರಪ್ಪ," ಅಂದ. ಅಂಥ ಮನುಷ್ಯ ಅವನು. ತನ್ನ ಹಸುಗಳನ್ನೂ ಹಾಗೆಯೇ ನೋಡಿಕೊಳ್ಳುತ್ತಿದ್ದ. ಕೋತಿಯನ್ನು ಮಣ್ಣು ಮಾಡಿ ಬಂದು, ಟವಲನ್ನು ಮಡಚಿ ಮನೆಯ ಗೂಡಿನಲ್ಲಿಟ್ಟ.

ಒಂದು ವಾರವಾಗುವಷ್ಟರಲ್ಲಿ ಮಾದಯ್ಯನಿಗೆ ಇದ್ದಕ್ಕಿದ್ದಂತೆ ಜ್ವರ ಏರಿತು. ಕಣ್ಣು ಕೆಂಡದ ಹಾಗೆ ಕೆಂಪಾಯಿತು. "ತಲೆ ಸೀಳೋಯ್ತಾ ಅದೆ ಕಣಮ್ಮಿ. ಸೊಂಟ ಮುರ್ದಂಗಾಯ್ತದೆ," ಎಂದು ಹೆಂಡತಿ ಭದ್ರಮ್ಮನ ಹತ್ತಿರ ನರಳಿದ.

ಊರೂರು ತಿರುಗುವ ನರ್ಸು ಶಿಲ್ಪ ಬಾಗಿಲಿಗೆ ಬಂದು ಹೇಳಿದಳು: "ಭದ್ರಕ್ಕ, ಇದು ಬರೀ ಜರ ಅಲ್ಲ ಅನ್ಸುತ್ತೆ. ಈಗ್ಲೇ ಆಸ್ಪತ್ರೆಗೆ ಕರ್ಕೊಂಡೋಗಿ, ರಕ್ತ ನೋಡ್ಲಿ."

ಮಾದಯ್ಯನ ತಮ್ಮ ಬಿಳಿಗಿರಿ ಅಡ್ಡ ಬಂದ. "ಪೂಜೆಲಿ ಏನೋ ತಪ್ಪಾಗದೆ. ಆಂಜಿನೇಯನ ಕ್ವಾಪ ಸೂಜಿಗೆ ಇಳ್ದದಾ? ನೀ ಸುಮ್ಕಿರವ್ವ," ಅಂದ. ತಾಯಿತ ಕಟ್ಟಿಸಿದ. ಅಂಗಡಿಯಿಂದ ಮೈಕೈ ನೋವಿನ ಮಾತ್ರೆ ತಂದು ನುಂಗಿಸಿದ. ಅಣ್ಣನ ಮೇಲೆ ಅವನಿಗೆ ಪ್ರಾಣ, ಪ್ರೀತಿಯಿಂದಲೇ ಮಾಡಿದ. ಪ್ರೀತಿಗೆ ಜ್ವರ ಇಳಿಯಲಿಲ್ಲ.

ಮೂಗಿನಲ್ಲಿ, ವಸಡಿನಲ್ಲಿ ರಕ್ತ ಬಂದ ಮೇಲೆ ಆಂಬುಲೆನ್ಸು ಕರೆಸಿದರು. ದಿಂಬಂ ಘಾಟಿ ಇಳಿಯುವಾಗ ಮಾದಯ್ಯನಿಗೆ ಹೆಂಡತಿಯ ಗುರುತು ಹತ್ತುತ್ತಿರಲಿಲ್ಲ. ಕೆಳಗಿನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ತಮಿಳಿನಲ್ಲಿ "ಕುರಂಗು ಕಾಯ್ಚಲ್" ಅಂದರು. ನಾವು ಮಂಗನ ಕಾಯಿಲೆ ಅನ್ನುತ್ತೇವಲ್ಲ, ಅದೇ. ಅವರು ಮಾಡುವುದನ್ನೆಲ್ಲ ಮಾಡಿದರು, ಹೊತ್ತು ಮೀರಿತ್ತು. ಅದೇ ಘಾಟಿ ಹತ್ತಿ ಮಾದಯ್ಯನ ಹೆಣ ಬಂತು.

ತಿಥಿಯ ದಿನ ಬೆಳಿಗ್ಗೆ ಕೆರೆಯ ಏರಿಯ ಮೇಲೆ ಇನ್ನೊಂದು ಕೋತಿ ಸತ್ತಿದೆ ಎಂದು ಸುದ್ದಿ ಬಂತು. ಬಿಳಿಗಿರಿ ಎದ್ದು ನಿಂತ.

"ಅತ್ಗೆ, ಅಣ್ಣನ ಟವಲು ಕೊಡು. ಅದ್ರಲ್ಲೇ ಒತ್ಕಬತ್ತೀನಿ. ಈ ಸಲ ಒಂದೂ ತಪ್ಪಾಗ್ದಂಗೆ ಮಣ್ಣು ಮಾಡುವ. ಇಲ್ದಿದ್ರೆ ಈ ಮನೇಲಿ ಇನ್ನೊಂದು ಎಣ ಬೀಳ್ತದೆ."

ಟವಲು ನೀರಿನ ಗುಡಾಣದ ಮೇಲಿನ ಗೂಡಿನಲ್ಲಿತ್ತು, ಮಡಚಿಟ್ಟ ಹಾಗೆಯೇ. ಭದ್ರಮ್ಮ ದಿನಾ ಅದರ ಮುಂದೆ ನಿಲ್ಲುತ್ತಿದ್ದಳು, ಮುಟ್ಟುತ್ತಿರಲಿಲ್ಲ. ಅದರಲ್ಲಿ ಇನ್ನೂ ಗಂಡನ ಬೆವರಿನ ವಾಸನೆ ಇತ್ತು. ಅವಳು ಕೈ ಚಾಚಿದಳು.

ತಿಥಿಗೆ ಬಂದಿದ್ದ ಶಿಲ್ಪ ಓಡಿಬಂದು ತಡೆದಳು. "ಬರಿಗೈಲಿ ಮುಟ್ಬೇಡಿ ಭದ್ರಕ್ಕ!" ಒಂದು ಕೋಲಿನಿಂದ ಟವಲನ್ನು ಎತ್ತಿ ಅಂಗಳಕ್ಕೆ ತಂದು, ಮೊರದಲ್ಲಿ ಬಿಡಿಸಿದಳು. "ನೋಡಿ ಬಿಳಿಗಿರಣ್ಣ."

ಮೊರದಲ್ಲಿ ಎಳ್ಳಿನಷ್ಟು ಸಣ್ಣ ಚುಕ್ಕೆಗಳು ಉದುರಿದವು. ಕಸ ಅಂದುಕೊಂಡರು. ಆಮೇಲೆ ಒಂದು ಚುಕ್ಕೆ ನಡೆಯತೊಡಗಿತು. ಇನ್ನೊಂದೂ ನಡೆಯಿತು.

"ಇವೇ ಮರಿ ಉಣ್ಣೆ," ಅಂದಳು ಶಿಲ್ಪ. "ಕೋತಿ ಸತ್ತ ಮೇಲೆ ಅದ್ರ ಮೈ ತಣ್ಣಗಾಗುತ್ತೆ. ಉಣ್ಣೆಗಳು ಇಳಿದು ಬೇರೆ ಮೈ ಹುಡುಕ್ತವೆ. ಕಾಯಿಲೆ ಇರೋ ಉಣ್ಣೆ ಕಚ್ಚಿದ್ರೆ ನಮಗೂ ಬರುತ್ತೆ. ರೋಗಿನ ಆರೈಕೆ ಮಾಡಿದ್ರೆ ಬರಲ್ಲ, ಆ ಭಯ ಬೇಡ. ಕಾಡಿಗೆ ಹೋದ ದನದ ಮೈಮೇಲೂ ಈ ಉಣ್ಣೆ ಮನೆಗೆ ಬರ್ತವೆ."

ಬಿಳಿಗಿರಿ ಒಪ್ಪಲಿಲ್ಲ. "ನಮ್ಮಪ್ಪ, ನಮ್ತಾತ ಎಲ್ಲಾ ಒತ್ತವ್ರೆ. ಅವ್ರೇನು ಅದ್ರಿಂದ ಸತ್ರಾ?"

ಭದ್ರಮ್ಮ ಗಂಡನಿಗೆ ಬಾಳೆಲೆಯಲ್ಲಿ ಬಡಿಸಿಟ್ಟ ಎಡೆಯನ್ನು ತೋರಿಸಿದಳು.

"ಅಲ್ನೋಡ್ಲಾ. ಅದ ಉಣ್ಣೋಕೆ ನಿಮ್ಮಣ್ಣ ಬತ್ತನಾ? ಯಾವ್ ದ್ಯಾವ್ರೂ ಕ್ವಾಪ ಮಾಡ್ಕಳ್ನಿಲ್ಲ ಕಣ್ಲಾ. ಉಣ್ಣೆ ಕಚ್ತು, ನಾವು ತಡ ಮಾಡುದ್ವು. ನಿನ್ನ ಎಂಡ್ರು ನನ್ನಂಗೆ ಕೂತ್ಕಬೇಕಾ?"

ಬಿಳಿಗಿರಿ ಮೊರವನ್ನೇ ನೋಡುತ್ತಾ ನಿಂತ. ಅಲ್ಲೇ ಅಂಗಳದಲ್ಲಿ ಕೂತ. "ನಾನೇ ತಡುದ್ನಲ್ಲ ಅತ್ಗೆ," ಎಂದು ಗೋಳೋ ಎಂದು ಅತ್ತ.

ಭದ್ರಮ್ಮ ಕೋಲಿನಿಂದಲೇ ಟವಲನ್ನು ಎತ್ತಿ ನೀರೊಲೆಗೆ ಹಾಕಿದಳು. ಮೊರವನ್ನೂ ಹಾಕಿದಳು. ಗಂಡನ ವಾಸನೆ ಇದ್ದ ಕೊನೆಯ ಬಟ್ಟೆ ಉರಿದು ಬೂದಿಯಾಗುವವರೆಗೆ ಒಲೆಯ ಮುಂದಿನಿಂದ ಕದಲಲಿಲ್ಲ. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು," ಅಂದಳು.

ಶಿಲ್ಪ ಫೋನ್ ಮಾಡಿದ ಮೇಲೆ ಅರಣ್ಯ ಇಲಾಖೆಯವರೂ ದನದ ಡಾಕ್ಟರೂ ಬಂದರು. ಕೈಗೆ ಗವಸು ಹಾಕಿಕೊಂಡು ಕೋತಿಯನ್ನು ಒಯ್ದರು. ಊರವರು ದೂರದಲ್ಲೇ ನಿಂತು ಕೈಮುಗಿದರು. ಬಿಳಿಗಿರಿ ಆಂಜನೇಯನ ಗುಡಿಯಲ್ಲಿ ಒಂದು ಕಾಯಿ ಒಡೆದ. ಭಕ್ತಿಗೆ ಅಷ್ಟು ಸಾಕಾಯಿತು.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಚಳಿಗಾಲದಿಂದ ಮುಂಗಾರು ಬೀಳುವವರೆಗೆ ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿಕೊಳ್ಳಿ. ಉಣ್ಣೆ ಹತ್ತದಂತೆ ಹಚ್ಚುವ ಎಣ್ಣೆಯನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ. ಬಂದ ತಕ್ಷಣ ಮೈ ನೋಡಿಕೊಂಡು, ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿ. ಉಟ್ಟ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ. ದನಗಳ ಉಣ್ಣೆಗೆ ದನದ ಡಾಕ್ಟರ ಹತ್ತಿರ ಔಷಧಿ ಕೇಳಿ, ಬೆರಳಿನಲ್ಲಿ ಹಿಸುಕಬೇಡಿ. ಜ್ವರ ಬಂದರೆ ಅಂಗಡಿ ಮಾತ್ರೆ ನುಂಗದೆ ಅವತ್ತೇ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಿ. ಈ ಕಾಯಿಲೆಗೆಂದೇ ಮದ್ದಿಲ್ಲ; ಬೇಗ ಹೋದವರನ್ನು ಆರೈಕೆಯಿಂದ ಉಳಿಸಿಕೊಳ್ಳಬಹುದು.

ಸತ್ತ ಕೋತಿ ಕಂಡರೆ ಮುಟ್ಟಬೇಡಿ, ಸುದ್ದಿ ಮುಟ್ಟಿಸಿ. ದೂರದಿಂದ ಮುಗಿದ ಕೈಯೂ ದೇವರಿಗೆ ಕಾಣುತ್ತದೆ. ಬೇಗ ಆಸ್ಪತ್ರೆಗೆ ಹೋಗಿ ಎಂದು ಭದ್ರಮ್ಮನಿಗೆ ಹೇಳುವವರು ಮೊದಲೇ ಇದ್ದರು, ನಾವು ಕೇಳಲಿಲ್ಲ. ನೀವಾದರೂ ಕೇಳಿ.