ಪಿಸ್ತೂಲಿನ ಎದುರಿನ ಕುರ್ಚಿ

"ಆ ಗ್ಲೌಸ್ ತೆಗಿಯೇ, ಜನ ನಗ್ತಾರೆ," ಎಂದು ಚಿಕ್ಕಪ್ಪ ಗದರುವ ಹೊತ್ತಿಗೆ ಮಗಳು ಚಟ್ಟದ ಮೇಲಿದ್ದ ಅಪ್ಪನ ಬಲಗೈಗೆ ಬಿಳಿ ಹತ್ತಿಯ ಗ್ಲೌಸ್ ತೊಡಿಸಿ, ಎಡಗೈಯ ಬೆರಳುಗಳನ್ನು ಮೆಲ್ಲಗೆ ಬಿಡಿಸುತ್ತಿದ್ದಳು.

"ನಗ್ಲಿ ಬಿಡಿ ಚಿಕ್ಕಪ್ಪ. ಮೂವತ್ತೊಂದು ವರ್ಷ ಇದನ್ನ ಹಾಕ್ಕೊಂಡೇ ನಮ್ಮನ್ನ ಸಾಕಿದ್ದು."

ಊರಿನ ಮ್ಯೂಸಿಯಮ್ಮಿನ ಮೂರನೇ ಕೋಣೆಯಲ್ಲಿ, ಹಿಂದೆ ದೇಶದ ಅಧ್ಯಕ್ಷರನ್ನು ಕೊಂದ ಪಿಸ್ತೂಲು ಗಾಜಿನ ಪೆಟ್ಟಿಗೆಯಲ್ಲಿದೆ. ಬರಿಗೈಯ ಬೆವರು ತಾಗಿದರೆ ಉಕ್ಕಿಗೆ ತುಕ್ಕು. ದಿನಾ ಅದನ್ನು ಒರೆಸಿ ಕಾಯುತ್ತಿದ್ದವನು ಈತ, ಊರಿಗೆಲ್ಲ ಪಿಸ್ತೂಲಪ್ಪ. ಗುಂಡು ಹೊಡೆದವನ ಹೆಸರು ಮಕ್ಕಳಿಗೂ ಬಾಯಿಪಾಠ. ಒರೆಸಿದವನ ಹೆಸರು ಹಾಜರಿ ಪುಸ್ತಕ ಬಿಟ್ಟು ಹೊರಗೆ ಬಂದದ್ದೇ ಇಲ್ಲ.

ಮ್ಯೂಸಿಯಮ್ಮಿನಲ್ಲಿ ಟಿಕೆಟ್ ಕೊಡುವಾಕೆ ಮೂಗೊರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತಳು.

"ಮಧ್ಯಾಹ್ನ ಬಾಗಿಲು ತೆಗೆಯೋ ಮುಂಚೆ ಪಿಸ್ತೂಲಿನ ಬಾಯಿನ ಮತ್ತೆ ಜನರ ಕಡೆ ತಿರುಗಿಸ್ತಾರಂತೆ ಕಣಮ್ಮ. ಅಪ್ಪನ ಕುರ್ಚೀಲಿ ಕೂರೋಕೆ ಒಬ್ಬರೂ ಒಪ್ತಿಲ್ಲ."

"ನೀವು ಕೂರಬಹುದಲ್ಲ ಅಕ್ಕಾ?"

"ನಾನಾ? ಒಳಗೆ ಗುಂಡಿಲ್ಲ ಅಂತ ಗೊತ್ತು. ಆದ್ರೂ ಅದರ ಬಾಯಿ ನೋಡಿದ್ರೆ ಎದೆ ಡವಡವ ಅನ್ನುತ್ತೆ. ನನ್ನ ಕೈಲಾಗಲ್ಲಮ್ಮ."

ಬೆಳಗಿನಿಂದ ತಡೆದುಕೊಂಡಿದ್ದ ಅಳು ಮಗಳಿಗೆ ಆಗ ಒತ್ತರಿಸಿ ಬಂತು. ಅಪ್ಪ ಉಳಿಸಿಹೋಗಿದ್ದು ಪಿಸ್ತೂಲಿನ ಆ ದಿಕ್ಕೊಂದೇ.

*

ಮೊದಲು ಪಿಸ್ತೂಲಿನ ಬಾಯಿ ಬಾಗಿಲ ಕಡೆಗೇ ಇತ್ತು. ಬಂದವರ ಮೈ ಜುಮ್ಮೆನ್ನಲಿ ಎಂದು ಯಾರೋ ಬುದ್ಧಿವಂತರು ಹಾಗೆ ಇಟ್ಟಿದ್ದರು. ಒಂದು ದಿನ ಶಾಲೆಯ ಮಕ್ಕಳ ಸಾಲಿನಿಂದ ಒಬ್ಬಳು ಪುಟ್ಟ ಹುಡುಗಿ ಅದರೆದುರು ಬಂದು ಎರಡೂ ಕೈ ಮೇಲೆತ್ತಿ ನಿಂತುಬಿಟ್ಟಳು. ಎಲ್ಲರೂ ಗೊಳ್ಳೆಂದು ನಕ್ಕರು. ಹುಡುಗಿಯ ಕಾಲು ನಡುಗುತ್ತಿದ್ದುದನ್ನು ಪಿಸ್ತೂಲಪ್ಪನೊಬ್ಬನೇ ನೋಡಿದ.

ಅಂದೇ ಬೀಗ ತೆಗೆದು ಪಿಸ್ತೂಲನ್ನು ಗೋಡೆಗೆ ತಿರುಗಿಸಿದ. ಮ್ಯೂಸಿಯಮ್ಮಿನ ಸಾಹೇಬರು ಕೆಂಡವಾದರು.

"ಪಿಸ್ತೂಲು ಅಂದ್ಮೇಲೆ ಯಾರಿಗಾದ್ರೂ ಗುರಿ ಇಟ್ಟಿರಬೇಕಯ್ಯಾ. ಗೋಡೆ ನೋಡ್ತಿದ್ರೆ ಅದನ್ಯಾರು ನೋಡ್ತಾರೆ?"

"ಹಾಗಾದ್ರೆ ನನಗೇ ಇಡಿ ಸಾರ್. ಹೇಗೂ ಇಡೀ ದಿನ ಇಲ್ಲೇ ಕೂತಿರ್ತೀನಿ."

ಸಾಹೇಬರಿಗೆ ಸಿಟ್ಟಿನಲ್ಲೂ ನಗು ಬಂತು. ಕುರ್ಚಿಯಲ್ಲಿ ಯಾರಾದರೂ ಇರುವಷ್ಟು ದಿನ ಮಾತ್ರ ಎಂದು ಒಪ್ಪಿದರು. ಆತ ಆ ಗೋಡೆಗೆ ಕುರ್ಚಿ ಎಳೆದುಕೊಂಡ.

"ಭಯ ಆಗಲ್ವಾ ಅಪ್ಪಾ?" ಎಂದು ಮಗಳು ಕೇಳಿದ್ದಳು.

"ಆಗುತ್ತೆ. ಅದಕ್ಕೇ ಮಕ್ಕಳ ಕಡೆ ಇಡಬಾರದು."

*

ಮಣ್ಣು ಮಾಡುವಾಗ ಟಿಕೆಟ್‌ನಾಕೆ ಎಲ್ಲೂ ಕಾಣಲಿಲ್ಲ. ಗ್ಲೌಸ್ ಯಾಕೆಂದು ಯಾರೋ ಕೇಳಿದರು. ಮಗಳು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಎದೆ ಸೆಟೆಸಿದ.

"ನಮ್ಮಣ್ಣ ಕಣ್ರೀ! ಊರ ಮಕ್ಕಳ ಬದಲು ತಾನು ವರ್ಷಗಟ್ಟಲೆ ಪಿಸ್ತೂಲಿಗೆ ಎದೆ ಕೊಟ್ಟು ಕೂತಿದ್ದ. ಸುಮ್ನೇನಾ?"

ಮಗಳು ಹೆಮ್ಮೆಯಿಂದ ಚಿಕ್ಕಪ್ಪನ ಕೈ ಹಿಡಿದಳು. ಪಿಸ್ತೂಲಿನ ಪೆಟ್ಟಿಗೆಯ ಎರಡು ಬೀಗದ ಕೈಗಳಲ್ಲಿ ಅಪ್ಪನದು ಇನ್ನೂ ಅವಳ ಹತ್ತಿರವೇ ಇತ್ತು. ಅದನ್ನು ಹಿಂತಿರುಗಿಸಲು, ಕಾಲಿನ ಮಣ್ಣನ್ನೂ ತೊಳೆಯದೆ ನೇರ ಮ್ಯೂಸಿಯಮ್ಮಿಗೆ ನಡೆದಳು. ಟಿಕೆಟ್ ಕಿಟಕಿ ಖಾಲಿ. ಮೂರನೇ ಕೋಣೆಯ ಹೊಸ್ತಿಲಲ್ಲಿ ಅವಳು ನಿಂತುಬಿಟ್ಟಳು.

ಪಿಸ್ತೂಲು ಅಪ್ಪ ಇಟ್ಟಂತೆಯೇ ಇತ್ತು. ಅದರ ನೇರಕ್ಕೆ, ಅಪ್ಪನ ಕುರ್ಚಿಯಲ್ಲಿ, ಟಿಕೆಟ್ ಪುಸ್ತಕವನ್ನು ತೊಡೆಯ ಮೇಲಿಟ್ಟು, ಕೈಚೀಲವನ್ನು ಎದೆಗೆ ಅವಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ಆಕೆ ಕೂತಿದ್ದಳು.