ಓಯ್ಕೊಲಿಯ ಪಾಲು

"ಆ ಎಲೆಯಲ್ಲಿ ತೆಗೆದಿಟ್ಟಿದ್ದು ಯಾರ ಪಾಲು, ಯಾಯೊ?" ಎಂದು ಸುಮಿತಾ ಕೇಳಿದಳು.

ನಮ್ಮತ್ತೆ ತಲೆಯೆತ್ತಲಿಲ್ಲ. ಒಣಮೀನು ಕುಟ್ಟುತ್ತಲೇ, "ನನ್ನ ಮಗಳದ್ದು. ಅವಳು ಬರೋದು ತಡ," ಎಂದರು.

"ಕೆಲಸಕ್ಕೆ ಹೋಗಿದಾರಾ?"

"ಸೌದೆ ಹಿಡಿಯೋಕೆ ಹೋಗಿದಾಳೆ."

"ಸರಿ, ಬರಲಿ. ಅವರ ಮಾತೂ ಒಂದಿಷ್ಟು ರೆಕಾರ್ಡ್ ಮಾಡ್ಕೋತೀನಿ."

ಒಲೆಯ ಹೊಗೆ ಗಂಟಲಿಗೆ ಹೋದವಳಂತೆ ನಾನು ಕೆಮ್ಮಿದೆ. ನನ್ನ ಗಂಡ ಲೊಹಿತ್ ಎದ್ದು, ಬಲೆ ನೋಡಿಕೊಂಡು ಬರುತ್ತೇನೆಂದು ಏಣಿ ಇಳಿದೇಬಿಟ್ಟ. ಆ ಹೊತ್ತಿನಲ್ಲಿ ಯಾರೂ ಬಲೆ ನೋಡುವುದಿಲ್ಲ.

ಸುಮಿತಾ ಜೊಹೊರಿ ದಿಮಾಸಾ ಬುಡಕಟ್ಟಿನ ಹುಡುಗಿ, ಹಾಫ್ಲಾಂಗ್ ಕಡೆಯ ಬೆಟ್ಟದವಳು. ಊರೂರು ತಿರುಗಿ ಮುದುಕಿಯರ ಅಡುಗೆಯನ್ನೂ ಅವರು ಬಾಳಿದ ಕಥೆಗಳನ್ನೂ ಯಂತ್ರದಲ್ಲಿ ತುಂಬಿಕೊಳ್ಳುವುದು ಅವಳ ಕೆಲಸ. ತನ್ನವರದ್ದು ಮುಗಿಸಿ ನಮ್ಮ ಮಿಸಿಂಗರ ಊರುಗಳಿಗೆ ಇಳಿದಿದ್ದಳು. ಅಜ್ಜಿಗೆ ನಾವು ಯಾಯೊ ಅನ್ನುವುದನ್ನು ಕಲಿತು, ನರೆ ಕಂಡ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಿದ್ದಳು. ಅದಕ್ಕೇ ಎಲ್ಲರೂ ಅವಳಿಗೆ ಸೋಲುತ್ತಿದ್ದರು. ನಮ್ಮ ಮನೆಯಲ್ಲಿ ಉಳಿಯಲು ಬಂದವಳು ಮೊದಲ ಸಂಜೆಯೇ ಕೇಳಬಾರದ್ದನ್ನು ಕೇಳಿದಳು. ಗೊತ್ತಿಲ್ಲದವರನ್ನು ಬೈದು ಏನು ಬಂತು?

ನಮ್ಮದು ಕಂಬಗಳ ಮೇಲಿನ ಮನೆ, ಹಂದಿಗಳು ನೆಲದ ಕೆಳಗೆ. ಅವಕ್ಕೆ ಮಡ್ಡಿ ಹಾಕುವ ನೆಪದಲ್ಲಿ ಅವಳನ್ನು ಕೆಳಗೆ ಕರೆದುಕೊಂಡು ಹೋಗಿ ಹೇಳಿದೆ. ಓಯ್ಕೊಲಿ ನನ್ನ ಗಂಡನ ಅಕ್ಕ. ಮದುವೆಯಾಗಿರಲಿಲ್ಲ. ಮಳೆಗಾಲದಲ್ಲಿ ಸುಬನ್ಸಿರಿ ಹೊಳೆ ಮೇಲಿನ ಕಾಡಿನ ಮರಗಳನ್ನು ಹೊತ್ತು ತರುತ್ತದಲ್ಲ, ಹಗ್ಗ ಎಸೆದು ಹಿಡಿದವರದು ಆ ಮರ. ಗಂಡಸರಿಗಿಂತ ಚೆನ್ನಾಗಿ ಹಿಡಿಯುತ್ತಿದ್ದಳು. ಒಂದು ದಿನ ದೋಣಿ ದಂಡೆಗೆ ಬಂತು, ಹಿಂದೆ ಹಗ್ಗ ಕಟ್ಟಿದ ಒಳ್ಳೆಯ ದಿಮ್ಮಿಯೂ ಬಂತು. ಅವಳು ಬರಲಿಲ್ಲ. ಕೆಳಗಿನ ಊರುಗಳಲ್ಲೆಲ್ಲ ಹುಡುಕಿದರೂ ಹೆಣ ಸಿಗಲಿಲ್ಲ.

ಸತ್ತವರಿಗೆ ಕೊನೆಯ ಊಟ, ದೋದ್‌ಗಾಂಗ್, ಹಾಕುವವರೆಗೆ ಅವರು ಮನೆಯ ಒಲೆ ಬಿಟ್ಟು ಹೋಗುವುದಿಲ್ಲ. ಊರಿನ ಹಿರಿಯರು ಬಂದು ಅತ್ತೆಗೆ ಹೇಳಿ ನೋಡಿದರು. "ಹೆಣ ತೋರ್ಸಿ, ಊಟ ಹಾಕ್ತೀನಿ," ಎಂದು ಅತ್ತೆ ಅವರನ್ನು ಏಣಿ ಇಳಿಸಿ ಕಳಿಸಿದರು. ಅಂದಿನಿಂದ ಒಲೆಯ ಹೊಳೆ ಕಡೆಯ ಜಾಗ, ಅಂದರೆ ಓಯ್ಕೊಲಿ ಕೂರುತ್ತಿದ್ದ ಜಾಗ, ಖಾಲಿ. ಸಂಜೆಯಾದರೆ ಅಲ್ಲಿ ಒಂದು ಎಲೆ, ಅನ್ನ, ಮೀನು.

"ಬೆಳಿಗ್ಗೆ ಹೊತ್ತಿಗೆ?" ಎಂದಳು ಸುಮಿತಾ.

"ಖಾಲಿ ಇರತ್ತೆ."

"ಬೆಕ್ಕು ಇರ್ಬೇಕು ಅಕ್ಕ."

"ನಮ್ಮನೆಯವರೂ ಅದನ್ನೇ ಹೇಳೋದು. ಬೆಕ್ಕಾದ್ರೆ ನಂಗೂ ಸಂತೋಷವೇ. ಆದ್ರೆ ತಂಗೀ, ಎಲೆ ಮಡಚಿರತ್ತೆ."

ಅವಳು ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು. ಅವಳ ಕಣ್ಣು ನನ್ನ ಹೊಟ್ಟೆಯ ಮೇಲೆ ಬಿತ್ತು.

"ಹೂಂ, ಅದೇ ನನ್ನ ಚಿಂತೆ," ಎಂದೆ. "ನಾನು ಈ ಮನೆಗೆ ಬಂದಾಗಿಂದ ಆ ಜಾಗ ಬಿಟ್ಟು ಗಂಡನ ಬೆನ್ನ ಹಿಂದೆ ಕೂತು ಉಣ್ತೀನಿ. ನಂಗೆ ಬೇಜಾರಿಲ್ಲ, ಬೆನ್ನು ಅಗಲವಾಗಿದೆ, ಚಳಿ ತಡೆಯತ್ತೆ. ಆದ್ರೆ ಈ ಮಗು ಎಲ್ಲಿ ಕೂರತ್ತೆ? ಅವಳಿಗೆ ಮಕ್ಕಳಂದ್ರೆ ಪ್ರಾಣ. ಊರಿನ ಕೂಸುಗಳೆಲ್ಲ ಅವಳ ಸೊಂಟದ ಮೇಲೇ ಬೆಳೆದಿದ್ದು. ಎತ್ಕೊಂಡು ಹೋಗ್ತಾಳೆ ಅಂತ ನಾನು ಹೇಳಲ್ಲ. ಎತ್ಕೊಳ್ಳೋಕೆ ಬರ್ತಾಳೆ. ನನ್ನ ಹೆದರಿಕೆ ಅಷ್ಟೇ."

"ಯಾಯೊ ಹತ್ರ ಮಾತಾಡಿದೀಯಾ?"

"ನೀನು ಮಾತಾಡ್ಸು. ಎಲ್ಲರ ಬಾಯಿ ಬಿಡಿಸೋಳು ನೀನು."

ನಾನು ತಮಾಷೆಗೆ ಅಂದದ್ದು. ಆದರೆ ಮರುದಿನ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಸುಮಿತಾ ತನ್ನದೇ ಕಥೆ ತೆಗೆದಳು.

"ನಮ್ಮಲ್ಲಿ ಹೆಂಗಸರಿಗೆ ಕುಲ ತಾಯಿಯಿಂದ ಬರತ್ತೆ ಯಾಯೊ, ಗಂಡಸರಿಗೆ ಅಪ್ಪನಿಂದ. ಅಮ್ಮನ ಬಟ್ಟೆ, ಒಡವೆ, ಪಾತ್ರೆ ಎಲ್ಲ ಮಗಳಿಗೇ. ಅಮ್ಮ ಹೋದಾಗ ಅಕ್ಕಿ ಮದ್ಯ ಮಾಡೋ ಗಡಿಗೆ ನಂಗೆ ಬಂತು. ಅದಕ್ಕೆ ಯಾವ ಮರದ ತೊಗಟೆ, ಎಷ್ಟು, ಅನ್ನೋದು ಬರಲಿಲ್ಲ. ನಾನು ಮಾಡಿದಾಗೆಲ್ಲ ಕೊಳೀತು."

"ಕೇಳ್ಬೇಕಿತ್ತು," ಎಂದರು ಅತ್ತೆ.

"ಕೇಳ್ತೀನಿ ಅಂದ್ಕೊಂಡಿದ್ದೆ."

ಅತ್ತೆ ಸೊಪ್ಪಿನ ನಾರು ಎಳೆಯುತ್ತಲೇ ಇದ್ದರು. ಸತ್ತವರಿಗೆ ಕೊಡುವ ಅಕ್ಕಿ ಮದ್ಯವನ್ನು, ಅಂದರೆ ಭತ್ತದ ಹೊಟ್ಟು ಸುಟ್ಟು ಮಾಡುವ ಕಪ್ಪು ಅಪೊಂಗನ್ನು, ನಮ್ಮೂರಿನಲ್ಲಿ ಅವರ ಹಾಗೆ ಹದ ಮಾಡುವವರು ಬೇರೆ ಯಾರೂ ಇಲ್ಲ. ಕಲಿಯಬೇಕಾಗಿದ್ದವಳು ಓಯ್ಕೊಲಿ. ಅವಳು ಹೋದ ಮೇಲೆ ಅತ್ತೆ ಅದಕ್ಕೆ ಕೈ ಹಾಕಿರಲಿಲ್ಲ, ನನಗೂ ಹೇಳಿಕೊಟ್ಟಿರಲಿಲ್ಲ.

"ರೆಬೊತಿ," ಎಂದರು ಕೊನೆಗೆ. "ಹೊಟ್ಟು ಎಷ್ಟಿದೆ ನೋಡು."

ನಾನು ಎದ್ದ ರಭಸಕ್ಕೆ ಸೊಪ್ಪು ಚೆಲ್ಲಿತು.

"ತೋರ್ಸೋಕೆ ಮಾಡ್ತೀನಿ," ಎಂದು ಹಿಂದಿನಿಂದ ಕೂಗಿದರು. "ಕೊಡೋಕಲ್ಲ. ಯಾರೂ ಯಾರ ಹೆಸರೂ ಎತ್ತಕೂಡದು."

ಅಂಗಳದಲ್ಲಿ ಹೊಟ್ಟು ಮತ್ತು ಹುಲ್ಲನ್ನು ರಾಶಿ ಹಾಕಿ ಕಿಚ್ಚಿಟ್ಟೆವು. ಅತ್ತೆ ಕೋಲು ಹಿಡಿದು ಸುತ್ತ ತಿರುಗುತ್ತ ಕೆದಕುತ್ತಿದ್ದರು.

"ಬೂದಿ ಆಗ್ಬಾರ್ದು. ಕಪ್ಪಗಾಗಿ ಅಲ್ಲಿಗೇ ನಿಲ್ಬೇಕು. ನಿನ್ನ ಕೂದಲಿನ ಹಾಗೆ."

"ನನ್ನ ಕೂದಲು ಬಣ್ಣ ಹಾಕಿದ್ದು ಯಾಯೊ," ಎಂದಳು ಸುಮಿತಾ.

"ಗೊತ್ತು. ಬುಡದಲ್ಲಿ ಬೂದಿ ಕಾಣ್ತಿದೆ."

ಲೊಹಿತ್ ನಕ್ಕ. ಆ ಮನೆಯಲ್ಲಿ ಅವನು ಹಾಗೆ ನಕ್ಕದ್ದನ್ನು ನಾನು ಹೆಚ್ಚು ಕೇಳಿದವಳಲ್ಲ. ಕರಿ ಆರಿದ ಮೇಲೆ ಅನ್ನಕ್ಕೆ ಬೆರೆಸಿದೆವು. ಸೊಪ್ಪುಗಳನ್ನು ಅರೆದು ಒಣಗಿಸಿದ ಹುಳಿಬಿಲ್ಲೆಯನ್ನು ಅತ್ತೆ ಅಂಗೈಯಲ್ಲಿ ಪುಡಿ ಮಾಡಿ ಹಾಕಿದರು. ಎಷ್ಟು ಎಂದು ಸುಮಿತಾ ಕೇಳಿದರೆ, "ಮೂಗಿನ ಹತ್ರ ತಗೊಂಡು ಹೋಗು, ಸೀನು ಬರೋ ಮುಂಚೆ ನಿಲ್ಸು," ಎಂದರು. ಅವಳು ನಿಜವಾಗಿ ಹಾಗೇ ಮಾಡಿ ಸೀನಿದಳು. ಗಡಿಗೆಗೆ ತುಂಬಿ, ಎಲೆ ಮುಚ್ಚಿ, ಒಲೆಯ ಬಳಿ ಹುಳಿಯಲು ಇಟ್ಟೆವು.

ಅದು ಹುಳಿಯುವವರೆಗಿನ ದಿನಗಳಲ್ಲಿ ಸುಮಿತಾ ನಮ್ಮ ಜೊತೆ ಗದ್ದೆಗೆ ಬಂದಳು, ನೇಯ್ದಳು, ಎಲ್ಲರನ್ನೂ ಮಾತಾಡಿಸಿದಳು. ಹಗಲು ಬಿಡುವಾದಾಗ ತುಂಬಿಕೊಂಡದ್ದನ್ನು ಕಿವಿಗೆ ಹಾಕಿಕೊಂಡು ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಮಗ್ಗದ ಹತ್ತಿರ ಬಂದು ನಿಂತಳು.

"ಅಕ್ಕ, ನಿಮ್ಮ ಹಂದಿಗಳು ಸಂಜೆ ಹೊತ್ತು ಯಾಕೆ ಸುಮ್ಮನಾಗಿಬಿಡ್ತವೆ?"

"ಯಾವಾಗ?"

"ಯಾಯೊ ಎಲೆ ಇಡ್ತಾರಲ್ಲ, ಆವಾಗ. ದಿನಾ. ನೆಲದ ಕೆಳಗೆ ಗುರ್ ಗುರ್ ಅಂತಿರೋವು ಒಟ್ಟಿಗೇ ನಿಲ್ಸಿಬಿಡ್ತವೆ. ಆಮೇಲೆ ಇದು ಕೇಳತ್ತೆ." ಕಿವಿಯದನ್ನು ತೆಗೆದು ನನ್ನ ಕಿವಿಗೆ ಕೊಟ್ಟಳು.

ಮೊದಲು ಒಲೆ ಚಟಗುಟ್ಟಿತು. ಅತ್ತೆಯ ಬಳೆ ಸದ್ದಾಯಿತು. ಆಮೇಲೆ ಕೆಳಗೆ, ಏಣಿಯ ಬುಡದಲ್ಲಿ, ನೀರು ಸುರಿಯಿತು, ನಿಂತಿತು, ಮತ್ತೆ ಸ್ವಲ್ಪ ಸುರಿಯಿತು. ಹೊಳೆಯಿಂದ ಬಂದವರು ಮೇಲೆ ಹತ್ತುವ ಮುಂಚೆ ಉಟ್ಟ ಬಟ್ಟೆಯ ಅಂಚು ಹಿಂಡುತ್ತಾರಲ್ಲ, ಆ ಸದ್ದು. ಹುಟ್ಟಿದಾಗಿಂದ ಕೇಳಿದ ಸದ್ದು, ಅದನ್ನು ಬೇರೆ ಏನೋ ಅಂದುಕೊಳ್ಳಲು ನನಗೆ ಆಗಲಿಲ್ಲ.

"ಲೊಹಿತ್ ಅಣ್ಣ ಇರ್ಬಹುದಾ?" ಎಂದಳು.

"ಅವರು ಇದ್ರಲ್ಲೇ ಒಲೆ ಹತ್ರ ಮಾತಾಡ್ತಿದಾರಲ್ಲ, ಕೇಳು."

ಸುಮಿತಾ ಆ ಯಂತ್ರವನ್ನು ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡಳು. ಅಂದಿನಿಂದ ಅವಳು ಒಬ್ಬಳೇ ಏಣಿ ಇಳಿಯಲಿಲ್ಲ. ನಾನೂ ಇಳಿಯುವಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆ.

ಅಪೊಂಗ್ ಸೋಸಿದ ದಿನ ಮಂಜು ಮಧ್ಯಾಹ್ನವಾದರೂ ಕರಗಲಿಲ್ಲ. ಬಾಗಿಲಲ್ಲಿ ನಿಂತರೆ ಏಣಿಯ ಕೊನೆಯ ಮೆಟ್ಟಿಲು ಕಾಣುತ್ತಿರಲಿಲ್ಲ. ಬಿದಿರಿನ ಚೂಪು ಬುಟ್ಟಿಯನ್ನು ತೂಗುಹಾಕಿ, ಹುಳಿತ ಕರಿ ಅನ್ನ ತುಂಬಿ, ಮೇಲಿನಿಂದ ನೀರು ಬಿಟ್ಟೆವು. ಕೆಳಗಿನ ಪಾತ್ರೆಗೆ ಕಪ್ಪು ಹನಿ ಬೀಳತೊಡಗಿತು. ಒಲೆಯ ಮೇಲೆ ಹಂದಿ ಮಾಂಸ ಬೇಯುತ್ತಿತ್ತು. ಲೊಹಿತ್ ನನ್ನ ಪಕ್ಕ ನಿಂತಿದ್ದ. ಸುಮಿತಾ ಕ್ಯಾಮೆರಾ ಹಿಡಿದು ಮಂಡಿಯೂರಿದ್ದಳು.

ಅತ್ತೆ ಮೊದಲ ಬಟ್ಟಲು ತುಂಬಿಕೊಂಡು ಹೊಳೆ ಕಡೆಯ ಜಾಗಕ್ಕೆ ಹೋದರು. ತೋರಿಸುವುದಕ್ಕಷ್ಟೇ ಎಂದವರು, ಅಲ್ಲಿ ಬಗ್ಗಿ ನಿಂತರು. ಅವರ ತುಟಿ ಅಲುಗಿತು, ನಿಂತಿತು. ಆಮೇಲೆ ಮಗಳನ್ನು ದಿನವೂ ಕರೆಯುತ್ತಿದ್ದ ದನಿಯಲ್ಲೇ ಹೇಳಿದರು.

"ಓಯ್ಕೊಲಿ, ಕುಡಿ. ಕುಡಿದು ಹೊರಡಮ್ಮ. ನಾನು ಹಿಡಿದಿಟ್ಕೊಂಡಿದ್ದು ಸಾಕು."

ಬಿದಿರು ನೆಲದ ಸಂದಿಯಲ್ಲಿ ಬಟ್ಟಲನ್ನು ಬಗ್ಗಿಸಿದರು. ಲೊಹಿತ್ ಮುಖ ಮುಚ್ಚಿಕೊಂಡ. ಅಪೊಂಗ್ ಪೂರ್ತಿ ಸುರಿದು ಹೋಯಿತು. ಕೆಳಗೆ ನೆಲಕ್ಕೆ ಬಿದ್ದ ಸದ್ದು ಬರಲಿಲ್ಲ. ನಾನು ಕಾದೆ, ಎಲ್ಲರೂ ಕಾದೆವು. ಒಂದು ಹನಿಯ ಸದ್ದೂ ಇಲ್ಲ.

ನನಗೆ ಭಯದ ಜೊತೆಗೆ ಎಂಥದೋ ಹಗುರವೂ ಆಯಿತು. ಮುಗಿಯಿತು, ಹೋಗುತ್ತಾಳೆ, ಎಂದುಕೊಂಡೆ.

"ಯಾಯೊ," ಎಂದಳು ಸುಮಿತಾ, ಕ್ಯಾಮೆರಾದ ಗಾಜು ಸೆರಗಿನಲ್ಲಿ ಒರೆಸುತ್ತ. ಅವಳ ಕಣ್ಣಲ್ಲೂ ನೀರಿತ್ತು. "ತಪ್ಪು ತಿಳ್ಕೋಬೇಡಿ. ಹಬೆ ಕೂತು ಏನೂ ಕಾಣ್ಲಿಲ್ಲ. ಇನ್ನೊಂದ್ಸಲ ಸುರೀತೀರಾ?"

ಅವಳು ಕೇಳಿದ್ದು ಅಷ್ಟೇ. ಅನ್ನ ಬಸಿಯುವುದನ್ನು, ಹೊಟ್ಟು ಸುಡುವುದನ್ನು, ಎಲ್ಲವನ್ನೂ ಎರಡೆರಡು ಸಲ ಮಾಡಿಸಿದ್ದಳು, ನಾವೂ ಮಾಡಿದ್ದೆವು. ಆದರೆ ಈ ಸುರಿಯುವುದು ಬೇರೆ. ಮೊದಲನೆಯದು ಹೊರಟವರಿಗೆ. ಅದೇ ಸಂದಿಯಲ್ಲಿ ಮತ್ತೆ ಸುರಿದರೆ ಅದು ಅವರ ಜೊತೆ ಹೋಗುವವರಿಗೆ. ನಮ್ಮ ಮನೆಗಳಲ್ಲಿ ಕೈ ನಡುಗಿ ಅರ್ಧ ಚೆಲ್ಲಿದರೂ ಉಳಿದರ್ಧವನ್ನು ಯಾರೂ ಸುರಿಯುವುದಿಲ್ಲ, ತಾವೇ ಕುಡಿಯುತ್ತಾರೆ.

"ಬೇಡ ಅತ್ತೆ," ಎಂದೆ. "ಸುಮಿತಾ, ಕ್ಯಾಮೆರಾ ಇಳಿಸು."

"ಅಮ್ಮ, ಬಟ್ಟಲು ಕೊಡಿಲ್ಲಿ," ಎಂದು ಲೊಹಿತ್ ಮುಂದೆ ಬಂದ.

ಅತ್ತೆ ಅಷ್ಟರಲ್ಲಿ ಬಟ್ಟಲು ತುಂಬಿಕೊಂಡಿದ್ದರು. ಅದನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಸುಮಿತಾ ಕಡೆ ತಿರುಗಿ, "ಈಗ ಕಾಣತ್ತಾ?" ಎಂದರು.

"ಕಾಣತ್ತೆ ಯಾಯೊ," ಎಂದಳು ಅವಳು, ಏನೋ ತಪ್ಪಾಗಿದೆಯೆಂದು ಆಗಷ್ಟೇ ತಿಳಿಯುತ್ತಿರುವವಳ ದನಿಯಲ್ಲಿ.

ಅತ್ತೆ ಸುರಿದರು. ಈ ಸಲ ಸದ್ದು ಬಂತು, ಕೆಳಗಿನ ಒಣಮಣ್ಣಿನ ಮೇಲೆ ತಟತಟನೆ. ನನ್ನ ಎದೆ ಒಡೆದದ್ದು ಆ ಸದ್ದಿಗೇ. ತೆಗೆದುಕೊಳ್ಳಬೇಕಾದವರು ಇನ್ನೂ ಕೆಳಗಿರಲಿಲ್ಲ. ಅವರು ಈ ಮನೆಯ ಒಳಗೆ, ನೆಲದ ಮೇಲೆ ಇದ್ದರು.

ನಾನು ಗೋಡೆ ಹಿಡಿದು ಕುಸಿದೆ. ಲೊಹಿತ್ ಸುಮಿತಾಗೆ ನಾಲ್ಕೇ ಮಾತಿನಲ್ಲಿ ವಿಷಯ ಹೇಳಿದ, ಬೈಯಲಿಲ್ಲ. ಅವಳ ಮುಖ ಬಿಳಿಚಿತು.

"ಅಳಿಸಿಬಿಡ್ತೀನಿ," ಎಂದಳು. "ಯಾಯೊ, ಈಗ್ಲೇ ಅಳಿಸ್ತೀನಿ."

"ಅಳಿಸಿದ್ರೆ ಮಣ್ಣಲ್ಲಿ ಬಿದ್ದಿದ್ದು ಮೇಲೆ ಬರತ್ತಾ?" ಎಂದರು ಅತ್ತೆ. "ಇಟ್ಕೊ. ಇವಳ ಮಗೂಗೆ ತೋರ್ಸು. ಕೈ ಹೇಗೆ ಬಗ್ಗಿಸ್ತೀನಿ ಅಂತ ಸರಿಯಾಗಿ ಬಂದಿರ್ಬೇಕು ಈಗ."

"ಅದು ಯಾರಿಗೆ ಅತ್ತೆ?" ಎಂದೆ. "ಎರಡನೇದು ಯಾರಿಗೆ ಸುರಿದ್ರಿ?"

ಅವರು ಬಟ್ಟಲನ್ನು ಬೋರಲು ಹಾಕಿ ನನ್ನ ಹತ್ತಿರ ಬಂದು ಕೂತರು. ಕರಿ ಅಂಟಿದ ಅಂಗೈಯನ್ನು ನನ್ನ ಹೊಟ್ಟೆಯ ಮೇಲೆ ಇಟ್ಟರು.

"ಹುಚ್ಚಿ. ಇದಕ್ಕಲ್ಲ. ಇದಕ್ಕೆ ಸುರಿಯೋಕೆ ನಾನೇನು ರಾಕ್ಷಸೀನಾ?"

"ಮತ್ತೆ?"

"ಅವಳು ಹೊಳೆ ಮೇಲೆ ಯಾವತ್ತೂ ಹೆದರಿದವಳಲ್ಲ. ಒಬ್ಬಳೇ ದಾರಿ ನಡೆಯೋದು ಅಂದ್ರೆ ಮಾತ್ರ ಆಗ್ತಿರಲಿಲ್ಲ. ಸಂತೆಗೂ ನಾನೇ ಜೊತೆಗೆ ಹೋಗ್ಬೇಕಿತ್ತು. ಹುಡುಗಿ ಕೇಳಿದಾಗ ಅನ್ನಿಸ್ತು, ಆಯ್ತು ಬಿಡು, ಒಳ್ಳೇದೇ ಕೇಳಿದ್ಲು ಅಂತ."

"ಅಮ್ಮ," ಎಂದ ಲೊಹಿತ್.

"ನೀನು ಸುಮ್ನಿರು, ಮಾಂಸ ತಳ ಹಿಡೀತಿದೆ, ತಿರುವು. ನಾನೇನು ಇವತ್ತೇ ಹೊರಟಿಲ್ಲ. ಬಾಣಂತಿಗೆ ಬಿಸಿನೀರು ಹುಯ್ಯೋರು ಯಾರು? ಕೂಸು ಬಂದು, ಮುಖ ನೋಡಿ, ಆಮೇಲೆ. ಅಲ್ಲೀವರೆಗೆ ಏಣಿ ಕೆಳಗೆ ಕಾದಿರ್ತಾಳೆ."

"ಅವಳು ಒಪ್ಪಿದಾಳಾ ಅತ್ತೆ?" ಎಂದೆ.

"ನನ್ನ ಮಗಳು, ನಾನು ಹೇಳಿದ್ದು ಕೇಳ್ತಾಳೆ. ಎದ್ದೇಳು. ಇನ್ಮೇಲೆ ಗಂಡನ ಬೆನ್ನ ಹಿಂದೆ ಕೂತು ಉಣ್ಣೋದು ಬೇಡ. ಹೋಗು, ಹೊಳೆ ಕಡೆ ಕೂತ್ಕೊ. ಇವತ್ತಿಂದ ಅದು ನಿಂದು, ನಿನ್ನ ಕೂಸಿಂದು."

ನಾನು ಲೊಹಿತನ ಮುಖ ನೋಡಿದೆ. ಅವನು ಸೌಟು ಹಿಡಿದುಕೊಂಡೇ ತಲೆಯಾಡಿಸಿದ. ಗೋಡೆ ಹಿಡಿದು ಎದ್ದೆ, ಒಲೆಯ ಆ ಬದಿಗೆ ಹೋದೆ, ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಕೂತೆ. ನನ್ನ ಕೆಳಗಿನ ಬಿದಿರು ಸದ್ದು ಮಾಡಲಿಲ್ಲ. ಪಕ್ಕದ್ದು ಕಿರ್ರೆಂದಿತು, ಆಮೇಲೆ ಅದರಾಚೆಯದು, ಯಾರೋ ಜಾಗ ಬಿಟ್ಟು ಸರಿದ ಹಾಗೆ.